ಮರಗಸಿಯ ಸೊಪ್ಪು, ಕಡ್ಡಿ, ಮರದ ಹೊಟ್ಟು: ಉಪಚರಿಸಿ ದನಗಳಿಗೆ ಪೂರಕ ಮೇವಾಗಿ ಕೊಡಬಹುದೇ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಆರು ಎಕರೆ ರೋಬಸ್ಟಾ ಕಾಫಿ ತೋಟ. ಕೊಟ್ಟಿಗೆಯಲ್ಲಿ ನಾಲ್ಕು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಹಸುಗಳು, ಎರಡು ಕರುಗಳು ಮತ್ತು ತಂದೆಯವರ ಕಾಲದಿಂದ ಸಂತತಿ ಮುಂದುವರಿದಿರುವ ಒಂದು ಮಲೆನಾಡು ಗಿಡ್ಡ (ನಮ್ಮ ಸೀಮೆಯ ಕುಳ್ಳ ನಾಟಿ ತಳಿ) ಇವೆ. ಭತ್ತದ ಗದ್ದೆಗೆ ಅಡಿಕೆ ಹಾಕಿದ ಮೇಲೆ ಮನೆಯ ಹುಲ್ಲು ನಿಂತುಹೋಯಿತು. ಈಗ ಹುಲ್ಲು, ಹಿಂಡಿ, ಬೂಸಾ ಎಲ್ಲವನ್ನೂ ಕೊಂಡೇ ತರಬೇಕಾಗಿದ್ದು, ಡೇರಿಯಿಂದ ಬರುವ ಹಣದ ಹೆಚ್ಚಿನ ಪಾಲು ಮೇವಿಗೇ ಹೋಗುತ್ತಿದೆ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ನಂತರ, ಮುಂಗಾರು ಹಿಡಿಯುವುದರೊಳಗೆ ನಾವು ಮರಗಸಿ, ಅಂದರೆ ತೋಟದ ನೆರಳು ಮರಗಳ ರೆಂಬೆ ಕಡಿಯುವ ಕೆಲಸ, ಮಾಡಿಸುತ್ತೇವೆ. ಆ ಮೂರು ನಾಲ್ಕು ವಾರಗಳಲ್ಲಿ ಹಾಲವಾಣ, ಗ್ಲಿರಿಸಿಡಿಯಾ, ಹಲಸು, ಅತ್ತಿ, ಬಸರಿ, ಸಿಲ್ವರ್ ಓಕ್ ಮರಗಳ ರೆಂಬೆಗಳು ತೋಟದ ತುಂಬ ಬೀಳುತ್ತವೆ. ಒಂದಿಷ್ಟು ಸೌದೆಗೆ ಹೋಗುತ್ತದೆ, ಉಳಿದದ್ದು ಕಾಫಿ ಗಿಡಗಳ ಬುಡದಲ್ಲೇ ಕೊಳೆಯುತ್ತದೆ. ಮರದ ಕಡ್ಡಿ ಮತ್ತು ಹೊಟ್ಟನ್ನು ಯೂರಿಯಾ ಅಥವಾ ಸುಣ್ಣದ ನೀರಿನಲ್ಲಿ ಉಪಚರಿಸಿದರೆ ಅದು ಹುಲ್ಲಿನಂತೆಯೇ ಮೇವಾಗುತ್ತದೆ ಎಂದು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ನಂಬಿ, ಮರ ಕೊಯ್ಯುವ ಮಿಲ್ಲೊಂದರಿಂದ ನಾಲ್ಕು ಚೀಲ ಹೊಟ್ಟು ತಂದು, ಸುಣ್ಣದ ತಿಳಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಸುವೊಂದಕ್ಕೆ ದಿನಕ್ಕೆ ಒಂದು ಕಿಲೋದಂತೆ ಬೂಸಾದಲ್ಲಿ ಕಲಸಿ ಕೊಟ್ಟೆ. ಬೂಸಾದ ರುಚಿಗೆ ಅವು ತಿಂದವು. ಆದರೆ ಐದನೆಯ ದಿನದಿಂದ ಸಗಣಿ ಗಟ್ಟಿಯಾಯಿತು. ಒಡೆದು ನೋಡಿದರೆ ಹೊಟ್ಟು ಹಾಕಿದ ಹಾಗೆಯೇ, ಬಣ್ಣ ಕೂಡ ಮಾಸದೆ ಹೊರಬಂದಿತ್ತು. ಎರಡು ಹಸುಗಳು ಮೆಲುಕು ಹಾಕುವುದನ್ನು ಕಡಿಮೆ ಮಾಡಿದವು, ಹಾಲೂ ಇಳಿಯಿತು. ಹೆದರಿ ನಿಲ್ಲಿಸಿದೆ. ನಿಲ್ಲಿಸಿದ ನಾಲ್ಕು ದಿನಗಳಲ್ಲಿ ಎಲ್ಲವೂ ಸರಿಯಾಯಿತು.

ನಾನು ಉಪಚರಿಸಿದ ಕ್ರಮ ತಪ್ಪಾಗಿತ್ತೇ, ಅಥವಾ ಮರವೇ ದನಗಳಿಗೆ ಆಗದ ವಸ್ತುವೇ? ಮರಗಸಿಯಲ್ಲಿ ಸಿಗುವ ಇಷ್ಟೊಂದು ಸೊಪ್ಪು ಕಡ್ಡಿಯಲ್ಲಿ ಯಾವುದನ್ನು, ಹೇಗೆ, ಎಷ್ಟು ಕೊಡಬಹುದು? ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಪಶುವೈದ್ಯ, ಹಾಸನ

ಬೆಳೆಗಾರ ಮಿತ್ರರೇ, ನೀವು ಸಕಾಲದಲ್ಲಿ ನಿಲ್ಲಿಸಿದ್ದು ಒಳ್ಳೆಯದಾಯಿತು. ಹೊಟ್ಟು ಇನ್ನೂ ಎರಡು ವಾರ ಮುಂದುವರಿದಿದ್ದರೆ ಹಸುವಿನ ಹೊಟ್ಟೆಯಲ್ಲಿ ಅದು ಗಟ್ಟಿ ಮುದ್ದೆಯಾಗಿ ಕಟ್ಟಿಕೊಳ್ಳುವ ಅಪಾಯವಿತ್ತು.

ಮರದಲ್ಲಿ ಶೇ. 40ರಿಂದ 50ರಷ್ಟು ಸೆಲ್ಯುಲೋಸ್ ಇರುತ್ತದೆ. ಹುಲ್ಲಿನಲ್ಲಿ ಹಸುವಿಗೆ ಶಕ್ತಿ ಕೊಡುವುದೂ ಇದೇ ಸೆಲ್ಯುಲೋಸ್. ಆದುದರಿಂದ ಕಾಗದದ ಮೇಲೆ ಲೆಕ್ಕ ಹಾಕಿದವರಿಗೆ ಮರವೂ ಮೇವಿನಂತೆಯೇ ಕಾಣುತ್ತದೆ. ತೊಡಕಿರುವುದು ಲಿಗ್ನಿನ್ ಎಂಬ ವಸ್ತುವಿನಲ್ಲಿ. ಗೋಡೆಯ ಇಟ್ಟಿಗೆಗಳ ನಡುವೆ ಗಾರೆ ಕುಳಿತಂತೆ ಇದು ಸೆಲ್ಯುಲೋಸಿನ ಎಳೆಗಳ ಸುತ್ತ ಕುಳಿತಿರುತ್ತದೆ, ಮತ್ತು ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಗಾರೆಯನ್ನು ದಾಟಿ ಒಳಗೆ ಹೋಗಲಾರವು. ಭತ್ತದ ಹುಲ್ಲಿನಲ್ಲಿ ಲಿಗ್ನಿನ್ ಶೇ. 10ಕ್ಕಿಂತ ಕಡಿಮೆ. ಮರದಲ್ಲಿ, ಜಾತಿಯನ್ನು ಅನುಸರಿಸಿ, ಶೇ. 20ರಿಂದ 30ರವರೆಗೆ ಇರುತ್ತದೆ. ನಿಮ್ಮ ಹಸುವಿನ ಸಗಣಿಯಲ್ಲಿ ಹೊಟ್ಟು ಬಣ್ಣ ಮಾಸದೆ ಬಂದದ್ದು ಇದೇ ಕಾರಣಕ್ಕೆ.

ಯೂರಿಯಾ ಅಥವಾ ಸುಣ್ಣ ಹುಲ್ಲಿನ ಮೇಲೆ ಕೆಲಸ ಮಾಡಿದಂತೆ ಮರದ ಮೇಲೆ ಏಕೆ ಮಾಡುವುದಿಲ್ಲ ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ಇಂಥ ವಿಡಿಯೊಗಳು ಎಡವುವುದು ಇಲ್ಲಿಯೇ. ಹುಲ್ಲಿನ ಜಾತಿಯ ಸಸ್ಯಗಳಲ್ಲಿ ಲಿಗ್ನಿನ್ನನ್ನು ನಾರಿಗೆ ಕಟ್ಟಿಹಾಕಿರುವ ಬೆಸುಗೆಗಳಲ್ಲಿ ಬಹಳಷ್ಟು ಕ್ಷಾರಕ್ಕೆ ಸಡಿಲಗೊಳ್ಳುವಂಥವು. ಯೂರಿಯಾದಿಂದ ಹುಟ್ಟುವ ಅಮೋನಿಯಾ ಮೂರು ವಾರ ಹುಲ್ಲಿನೊಳಗೆ ನಿಂತರೆ ಆ ಬೆಸುಗೆಗಳು ಬಿಡುತ್ತವೆ, ನಾರು ಉಬ್ಬುತ್ತದೆ, ಸೂಕ್ಷ್ಮಜೀವಿಗಳಿಗೆ ದಾರಿಯಾಗುತ್ತದೆ. ಮರದಲ್ಲಿ ಅಂಥ ಬೆಸುಗೆಗಳು ಕಡಿಮೆ, ಗಾರೆ ಹೆಚ್ಚು. ಒಂದು ರಾತ್ರಿಯ ಸುಣ್ಣದ ತಿಳಿನೀರಿನಿಂದ ಏನೂ ಆಗುವುದಿಲ್ಲ.

ಹಾಗೆಂದು ಮರವನ್ನು ಮೇವು ಮಾಡುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಬೆಕ್‌ಮನ್ ಎಂಬ ರಸಾಯನ ವಿಜ್ಞಾನಿ ಹುಲ್ಲನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ತೊಳೆದು, ದನಗಳಿಗೆ ಕೊಡುವ ಕ್ರಮವನ್ನು ರೂಪಿಸಿದರು. ಎರಡನೆಯ ಮಹಾಯುದ್ಧದಲ್ಲಿ ಮೇವಿನ ಬರ ಬಂದಾಗ ಸ್ವೀಡನ್ ಮತ್ತು ಫಿನ್‌ಲ್ಯಾಂಡ್ ದೇಶಗಳಲ್ಲಿ ಕಾಗದದ ಕಾರ್ಖಾನೆಗಳೇ ಮರದ ತಿರುಳನ್ನು ಬೇಯಿಸಿ, ಲಿಗ್ನಿನ್ ತೆಗೆದು, ದನ ಮತ್ತು ಕುದುರೆಗಳಿಗೆ ಮೇವು ತಯಾರಿಸಿದವು. ಮುಂದೆ ಅಮೆರಿಕ, ಕೆನಡಾಗಳಲ್ಲಿ ಆಸ್ಪೆನ್ ಎಂಬ ಮೃದು ಮರದ ಮೇಲೆ ಬಹಳ ಕೆಲಸ ನಡೆಯಿತು. ಏನೂ ಮಾಡದಿದ್ದರೂ ಆ ಮರದ ಸುಮಾರು ಮೂರನೆಯ ಒಂದು ಭಾಗ ಜೀರ್ಣವಾಗುತ್ತದೆ, ಅಧಿಕ ಒತ್ತಡದ ಹಬೆಯಲ್ಲಿ ಬೇಯಿಸಿದರೆ ಇನ್ನೂ ಹೆಚ್ಚು. ಆದರೆ ಈ ಎಲ್ಲ ಕಡೆಯೂ ಇದ್ದದ್ದು ಬಾಯ್ಲರು, ಒತ್ತಡ ತಾಳುವ ಪಾತ್ರೆ, ಕಾಸ್ಟಿಕ್ ಸೋಡಾ, ಕೊಳಕು ನೀರನ್ನು ಸಂಭಾಳಿಸುವ ವ್ಯವಸ್ಥೆ. ಕೊಟ್ಟಿಗೆಯ ಪಕ್ಕದ ಸಿಮೆಂಟು ತೊಟ್ಟಿಯಲ್ಲಿ ಅದನ್ನು ಮಾಡಲು ಬರುವುದಿಲ್ಲ, ಮತ್ತು ಕಾಸ್ಟಿಕ್ ಸೋಡಾವನ್ನು ಮನೆಯಲ್ಲಿ ಪ್ರಯತ್ನಿಸಲೇಬೇಡಿ.

ಮಿಲ್ಲಿನ ಹೊಟ್ಟಿನಲ್ಲಿ ಇನ್ನೊಂದು ಅಪಾಯವಿದೆ. ಗೆದ್ದಲು, ಹುಳು ಹಿಡಿಯದಂತೆ ಔಷಧ ಉಣಿಸಿದ ಮರ, ಪ್ಲೈವುಡ್, ಬಣ್ಣ ಬಳಿದ ಹಳೆಯ ಹಲಗೆ ಇವೆಲ್ಲವನ್ನೂ ಒಂದೇ ಗರಗಸದಲ್ಲಿ ಕೊಯ್ದಿರಬಹುದು. ಅಂಥ ಔಷಧಗಳಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇರುವವೂ ಉಂಟು. ಆರ್ಸೆನಿಕ್ ಎಂದರೆ ಶುದ್ಧ ಪಾಷಾಣ. ಆದುದರಿಂದ ಮಿಲ್ಲಿನ ಹೊಟ್ಟನ್ನು ಯಾವ ಉಪಚಾರದ ನಂತರವೂ ಗೋದಲಿಗೆ ಹಾಕಬೇಡಿ.

ಸೊಪ್ಪಿನ ವಿಷಯ ಪೂರ್ತಿ ಬೇರೆ. ಎಲೆ ಮತ್ತು ಪೆನ್ಸಿಲ್ಲಿಗಿಂತ ತೆಳುವಾದ ಎಳೆಯ ಕಡ್ಡಿ ಮೇವು. ಅದಕ್ಕಿಂತ ದಪ್ಪನೆಯದು ಸೌದೆ. ಮರಗಸಿಯ ರಾಶಿಯ ಮುಂದೆ ನಿಂತಾಗ ಮೊದಲು ಈ ಎರಡನ್ನು ಬೇರೆ ಮಾಡಿ, ಉಪಚಾರದ ಮಾತು ಆಮೇಲೆ ಬರುತ್ತದೆ.

ಉತ್ತರ 2: ಅರಸೀಕೆರೆ ಸೀಮೆಯ ರೈತ

ಡಾಕ್ಟರು ಹೇಳಿದ್ದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮದು ನಿಮ್ಮಂತೆ ಮಳೆಯ ಸೀಮೆಯಲ್ಲ, ತೆಂಗು ಮತ್ತು ರಾಗಿಯ ಸೀಮೆ. ಫೆಬ್ರವರಿ ಕಳೆದರೆ ಬದುವಿನಲ್ಲಿ ಹಸಿರೆಂದು ಉಳಿಯುವುದು ಬೇಲಿಯ ಗ್ಲಿರಿಸಿಡಿಯಾ ಮಾತ್ರ. ನಮ್ಮ ಕಡೆ ಅದನ್ನು ಗೊಬ್ಬರದ ಗಿಡ ಎಂದೇ ಕರೆಯುತ್ತಾರೆ, ಮತ್ತು ಬಹಳ ಜನ ಅದು ಗೊಬ್ಬರಕ್ಕೆ ಮಾತ್ರ ಎಂದು ತಿಳಿದಿದ್ದಾರೆ.

ಮೊದಲ ಸಲ ಹಸಿ ಸೊಪ್ಪನ್ನು ಕಡಿದು ತಂದು ನೇರವಾಗಿ ಹಾಕಿದಾಗ ನಮ್ಮ ಹಸುಗಳು ಮೂಸಿ ನೋಡಿ, ಮೂತಿಯಿಂದ ಅದನ್ನು ಗೋದಲಿಯ ಹೊರಗೆ ತಳ್ಳಿದವು. ಆ ಎಲೆಯ ವಾಸನೆ ಅವಕ್ಕೆ ಹಿಡಿಸುವುದಿಲ್ಲ. ಹಿಂದಿನ ದಿನ ಸಂಜೆ ಕಡಿದು, ನೆರಳಿನಲ್ಲಿ ತೆಳ್ಳಗೆ ಹರಡಿ, ಮರುದಿನ ಬೆಳಿಗ್ಗೆ ಬಾಡಿದ ಸೊಪ್ಪನ್ನು ಕೊಡಬೇಕೆಂದು ನೆರೆಯ ಹಿರಿಯರೊಬ್ಬರು ಹೇಳಿಕೊಟ್ಟರು. ಎಲೆ ಕೈಯಲ್ಲಿ ಹಿಡಿದರೆ ತಂಪಾಗಿ, ಮೆತ್ತಗೆ ಜೋತು ಬೀಳಬೇಕು, ಆದರೆ ಚರಚರ ಎನ್ನುವಷ್ಟು ಒಣಗಬಾರದು. ಮೊದಲ ವಾರ ಒಂದು ಹಿಡಿಯಷ್ಟನ್ನು ರಾಗಿ ಹುಲ್ಲಿನ ತುಂಡುಗಳಲ್ಲಿ ಬೆರೆಸಿ, ಮೇಲೆ ಬೆಲ್ಲದ ನೀರು ಚಿಮುಕಿಸಿ ಕೊಟ್ಟೆ. ಎರಡನೆಯ ವಾರ ಬೆಲ್ಲ ಬಿಟ್ಟೆ. ಮೂರನೆಯ ವಾರದ ಹೊತ್ತಿಗೆ ನಾನು ಹೊರೆ ಹೊತ್ತು ಬರುವುದನ್ನು ಕಂಡರೆ ಹಸುಗಳು ಕೂಗುವಂತಾದವು. ಒಂದು ಹಸು ರುಚಿ ಕಂಡರೆ ಅದರ ಪಕ್ಕದಲ್ಲಿ ಕಟ್ಟಿದ ಹಸು ತಾನಾಗಿಯೇ ಕಲಿಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದುದರಿಂದ ಹೊಸ ಹಸುವನ್ನು ಯಾವಾಗಲೂ ತಿನ್ನುವ ಹಸುವಿನ ಪಕ್ಕದಲ್ಲೇ ಕಟ್ಟುತ್ತೇನೆ. ಸೊಪ್ಪಿನ ವಾಸನೆ ಹಾಲಿಗೆ ಹತ್ತಬಾರದೆಂದು ಹಾಲು ಕರೆದ ನಂತರವೇ ಕೊಡುವುದು ನಮ್ಮ ಮನೆಯ ರೂಢಿ.

ಒಂದು ಎಚ್ಚರಿಕೆ. ಹೊರೆಯನ್ನು ಕಟ್ಟಿದ ಹಾಗೆಯೇ ಬಿಟ್ಟರೆ ಒಳಗೆ ಕಾವು ಏರಿ ಬೂಸ್ಟು ಹಿಡಿಯುತ್ತದೆ. ಅಂಥದ್ದನ್ನು ತಿಪ್ಪೆಗೆ ಹಾಕಿ. ನಿಮ್ಮ ಕಡೆಯ ಮೇ ತಿಂಗಳ ಮೋಡದ ದಿನಗಳಲ್ಲಿ ಇದು ನಮಗಿಂತ ನಿಮಗೆ ಹೆಚ್ಚು ಬಾಧಿಸುತ್ತದೆ.

ಉತ್ತರ 3: ಹೈನುಗಾರ ಮಹಿಳೆ, ಚನ್ನರಾಯಪಟ್ಟಣ ತಾಲ್ಲೂಕು

ಅಣ್ಣನವರೇ, ಯೂರಿಯಾ ಉಪಚಾರವನ್ನೇ ಕಲಿಯಬೇಕೆಂಬ ಆಸೆ ನಿಮಗಿದ್ದರೆ ಅದನ್ನು ಕೊಂಡು ತಂದ ಭತ್ತದ ಹುಲ್ಲಿನ ಮೇಲೆ ಮಾಡಿ. ನಾವು ಆರು ವರ್ಷಗಳಿಂದ ಮಾಡುತ್ತಿದ್ದೇವೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ, ಸುಮಾರು 50 ಲೀಟರ್ ನೀರು. ಯೂರಿಯಾ ಒಂದು ಹರಳೂ ಉಳಿಯದಂತೆ ಕರಗಬೇಕು. ಹುಲ್ಲನ್ನು ಪದರ ಪದರವಾಗಿ ಹರಡಿ, ಹೂವಿನ ಗಿಡಗಳಿಗೆ ನೀರು ಹಾಕುವ ಜರಡಿ ಮೂತಿಯ ಕ್ಯಾನಿನಿಂದ ಸಮನಾಗಿ ಚಿಮುಕಿಸಿ, ಕಾಲಿನಿಂದ ತುಳಿದು ಗಾಳಿ ತೆಗೆದು, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಮಣ್ಣು ಹಾಕಿ ಮುಚ್ಚುತ್ತೇವೆ. 21 ದಿನ ಕೈ ಹಚ್ಚುವುದಿಲ್ಲ. ಚಳಿಗಾಲದಲ್ಲಿ ಇನ್ನೊಂದು ವಾರ ಹೆಚ್ಚು ಬಿಡುತ್ತೇವೆ.

ತೆರೆದಾಗ ಹುಲ್ಲು ಬಂಗಾರದ ಬಣ್ಣದಿಂದ ಕಂದು ಬಣ್ಣಕ್ಕೆ ತಿರುಗಿರಬೇಕು, ಮೂಗಿಗೆ ಘಾಟು ಹೊಡೆಯಬೇಕು. ಆ ದಿನಕ್ಕೆ ಬೇಕಾದಷ್ಟನ್ನು ತೆಗೆದು, ಘಾಟು ಇಳಿಯುವವರೆಗೆ ಗಂಟೆಗಟ್ಟಲೆ ಗಾಳಿಗೆ ಹರಡಿ, ಆಮೇಲೆ ಕೊಡಬೇಕು. ಸಾಮಾನ್ಯ ಭತ್ತದ ಹುಲ್ಲಿನಲ್ಲಿ ಶೇ. 3ರಿಂದ 4ರಷ್ಟಿರುವ ಕಚ್ಚಾ ಪ್ರೋಟೀನ್ ಇದರಲ್ಲಿ ಶೇ. 7ರಿಂದ 8ಕ್ಕೆ ಏರುತ್ತದೆ. ಹಸುಗಳು ಗೋದಲಿಯಲ್ಲಿ ಕಡ್ಡಿ ಉಳಿಸುವುದು ಕಡಿಮೆಯಾಗಿದ್ದನ್ನು ನಾವೇ ನೋಡಿದೆವು. ಆರು ತಿಂಗಳೊಳಗಿನ ಕರುಗಳಿಗೆ ಮಾತ್ರ ಇದನ್ನು ಕೊಡುವುದಿಲ್ಲ.

ಈಗ ನನ್ನ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ವಿಡಿಯೊಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಎರಡನೆಯ ವರ್ಷ, ಹುಲ್ಲು ಮುಚ್ಚಿದ ಸಂಜೆ, ಬಕೆಟ್ಟಿನಲ್ಲಿ ಅರ್ಧದಷ್ಟು ಯೂರಿಯಾ ನೀರು ಉಳಿದಿತ್ತು. ಕೈ ತೊಳೆದು ಬರುವಷ್ಟರಲ್ಲಿ ಹಗ್ಗ ಬಿಚ್ಚಿಕೊಂಡಿದ್ದ ಕಡಸು ಅದನ್ನು ಕುಡಿಯಿತು. ಅರ್ಧ ಗಂಟೆಯಲ್ಲಿ ಜೊಲ್ಲು ಸುರಿಸತೊಡಗಿತು, ಮೈ ನಡುಗಿತು, ಹೊಟ್ಟೆ ಉಬ್ಬಿತು. ಪಕ್ಕದ ಊರಿನಲ್ಲೇ ಇದ್ದ ವೈದ್ಯರು ಓಡಿ ಬಂದು ಕೊಳವೆಯ ಮೂಲಕ ವಿನೆಗರ್ ಮತ್ತು ತಣ್ಣೀರು ಹಾಕಿ ಉಳಿಸಿದರು. ಅದು ಈಗ ಮೂರನೆಯ ಕರು ಹಾಕಿದೆ. ಅಂದಿನಿಂದ ಯೂರಿಯಾ ಕರಗಿಸುವ ಕೆಲಸವನ್ನು ಕೊಟ್ಟಿಗೆಯಿಂದ ದೂರ, ಎಲ್ಲ ದನಗಳನ್ನೂ ಕಟ್ಟಿಹಾಕಿದ ಮೇಲೆ ಮಾಡುತ್ತೇವೆ. ಉಳಿದ ನೀರನ್ನು ಆ ಕ್ಷಣವೇ ತೆಂಗಿನ ಬುಡಕ್ಕೆ ಸುರಿಯುತ್ತೇವೆ.

ನಮ್ಮಲ್ಲಿ ರೇಷ್ಮೆ ಸಾಕುವವರಿಂದ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯೂ ಸಿಗುತ್ತದೆ. ಚಾಫ್ ಕಟರಿನಲ್ಲಿ ಕತ್ತರಿಸಿದರೆ ತುದಿಯ ಎಳೆಯ ಭಾಗವನ್ನು ಹಸುಗಳು ಇಷ್ಟಪಟ್ಟು ತಿನ್ನುತ್ತವೆ. ಆದರೆ ಹುಳುವಿನ ಹಾಸಿಗೆಗೆ ಎರಚುವ ಸುಣ್ಣ ಮತ್ತು ರೋಗನಾಶಕ ಪುಡಿ ಮೆತ್ತಿದ ಕಡ್ಡಿಯನ್ನು ನಾನು ತರುವುದಿಲ್ಲ.

ಉತ್ತರ 4: ಮೂಡಿಗೆರೆಯ ಬೆಳೆಗಾರ

ನಿಮ್ಮ ತೋಟದಂಥದ್ದೇ ತೋಟ ನಮ್ಮದು. ಮರಗಸಿಯ ಸೊಪ್ಪನ್ನು ಹತ್ತು ವರ್ಷಗಳಿಂದ ಮೇವಿಗೆ ಬಳಸುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬೋರ್ಡೋ. ಮುಂಗಾರಿಗೆ ಮೊದಲು ಕಾಫಿಗೂ ಮೆಣಸಿಗೂ ಮೈಲುತುತ್ತ ಮತ್ತು ಸುಣ್ಣದ ಈ ದ್ರಾವಣ ಹೊಡೆಯುವ ಕಾಲವೂ ಮರಗಸಿಯ ಕಾಲವೂ ಬೆನ್ನಿಗೆ ಬೆನ್ನು ಹತ್ತಿ ಬರುತ್ತವೆ. ಎಲೆಯ ಮೇಲೆ ತಿಳಿ ನೀಲಿ ಕಲೆ ಕಂಡರೆ ಅದು ತಾಮ್ರ, ಅಂಥ ಸೊಪ್ಪು ದನಕ್ಕೆ ಬೇಡ. ನಾನು ಮರಗಸಿಯನ್ನು ಪೂರ್ತಿ ಮುಗಿಸಿ, ಮೇವಿಗೆ ಬೇಕಾದ ಸೊಪ್ಪನ್ನು ತೋಟದಿಂದ ಹೊರಗೆ ಸಾಗಿಸಿದ ಮೇಲೆಯೇ ಪಂಪು ಹೊರಗೆ ತೆಗೆಸುತ್ತೇನೆ. ಕಾಯಿಕೊರಕಕ್ಕೆ, ಕಾಂಡಕೊರಕಕ್ಕೆ ಔಷಧ ಹೊಡೆದ ವರ್ಷ ಆ ಪಟ್ಟೆಯ ಸೊಪ್ಪನ್ನು ಮುಟ್ಟುವುದೇ ಇಲ್ಲ.

ಮರಗಳಲ್ಲಿ ಹಾಲವಾಣ ಮೊದಲನೆಯದು. ಅದರ ಎಲೆ ಮೆತ್ತಗೆ, ರಸವತ್ತಾಗಿ ಇರುತ್ತದೆ, ದನಗಳು ಅಭ್ಯಾಸವಿಲ್ಲದೆಯೂ ತಿನ್ನುತ್ತವೆ. ಮುಳ್ಳಿರುವ ರೆಂಬೆಯಿಂದ ಎಲೆಯನ್ನು ಸವರಿ ತೆಗೆಯುವ ಕೂಲಿಯೇ ದುಬಾರಿ ಎನಿಸಬಹುದು, ಆದುದರಿಂದ ನಾವು ರೆಂಬೆಯನ್ನು ಕೊಟ್ಟಿಗೆಯ ಹೊರಗಿನ ಅಡ್ಡ ಗಳುವಿಗೆ ತಲೆಕೆಳಗಾಗಿ ಕಟ್ಟುತ್ತೇವೆ. ದನಗಳು ತಾವೇ ಎಲೆಯನ್ನು ಕಿತ್ತು ತಿಂದು ಕಡ್ಡಿಯನ್ನು ಬಿಡುತ್ತವೆ, ಸಂಜೆ ಆ ಕಡ್ಡಿ ಒಲೆಗೆ ಹೋಗುತ್ತದೆ. ಹಲಸು, ಅತ್ತಿ, ಬಸರಿ ಎಲೆಗಳೂ ಒಳ್ಳೆಯವೇ, ಆದರೆ ಬಲಿತ ಎಲೆಯಲ್ಲಿ ಒಗರು ಹೆಚ್ಚು. ಒಗರು ಎಂದರೆ ಟ್ಯಾನಿನ್. ಅದು ಅಲ್ಪ ಪ್ರಮಾಣದಲ್ಲಿದ್ದರೆ ಕೇಡಿಲ್ಲ, ಹೆಚ್ಚಾದರೆ ಮೇವಿನ ಪ್ರೋಟೀನನ್ನೇ ಹಿಡಿದುಕೊಂಡು ಹಸುವಿಗೆ ಸಿಗದಂತೆ ಮಾಡುತ್ತದೆ. ನಾನು ಮಾಡುವ ಒಂದು ಸರಳ ಪರೀಕ್ಷೆ ಹೇಳುತ್ತೇನೆ: ಎಲೆಯನ್ನು ಜಜ್ಜಿ ಒಂದು ಲೋಟ ನೀರಿನಲ್ಲಿ ಹಾಕಿ, ತುಕ್ಕು ಹಿಡಿದ ಎರಡು ಮೊಳೆಗಳನ್ನು ಅದರೊಳಗೆ ಬಿಟ್ಟು ರಾತ್ರಿ ಇಡಿ. ಬೆಳಿಗ್ಗೆ ನೀರು ಶಾಯಿಯಂತೆ ಕಪ್ಪಾಗಿದ್ದರೆ ಒಗರು ಜಾಸ್ತಿ ಎಂದು ತಿಳಿದು ಆ ಸೊಪ್ಪನ್ನು ಕಡಿಮೆ ಕೊಡಿ. ಇದರಿಂದ ಪ್ರಮಾಣ ತಿಳಿಯುವುದಿಲ್ಲ, ಆದರೆ ಎರಡು ಮರಗಳ ಸೊಪ್ಪನ್ನು ಹೋಲಿಸಿ ನೋಡಲು ಸಾಕು.

ಸಿಲ್ವರ್ ಓಕ್ ಎಲೆಯನ್ನು ಮೇವೆಂದು ಎಣಿಸಬೇಡಿ. ತೋಟದ ಅಂಚಿನ ಲಂಟಾನವನ್ನು ಮಾತ್ರ ಯಾವ ಕಾರಣಕ್ಕೂ ಸೊಪ್ಪಿನ ಹೊರೆಯಲ್ಲಿ ಸೇರಿಸಬಾರದು. ಅದರ ವಿಷ ಯಕೃತ್ತಿಗೆ ಹೊಡೆಯುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ಮೂತಿಯ ಚರ್ಮ ಸುಲಿಯುತ್ತದೆ. ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ಸೊಪ್ಪು ತರುವ ಕೆಲಸದವರಿಗೆ ಇದನ್ನು ಗಿಡ ತೋರಿಸಿಯೇ ಹೇಳಬೇಕು.

ದಪ್ಪ ಕಡ್ಡಿಯ ವಿಷಯದಲ್ಲಿ ಬೇಸರ ಬೇಡ. ಅದು ತೋಟದಲ್ಲೇ ಕೊಳೆಯುತ್ತದೆ ಎಂದು ನೀವು ಬರೆದಿರಿ, ನನಗೆ ಅದು ನಷ್ಟ ಎನಿಸುವುದಿಲ್ಲ. ಮಣ್ಣಿಗೆ ಹೋದದ್ದು ಕಾಫಿಗೇ ಹೋಗುತ್ತದೆ. ಮರಗಸಿಯ ಸೊಪ್ಪನ್ನೆಲ್ಲ ಕೊಟ್ಟಿಗೆಗೆ ಸಾಗಿಸಿದರೆ ಆ ಸಗಣಿ ಗೊಬ್ಬರವನ್ನು ತೋಟಕ್ಕೆ ಹಿಂದಿರುಗಿಸುವ ಹೊಣೆಯೂ ನಿಮ್ಮ ಮೇಲೆ ಬರುತ್ತದೆ.

ಮರುಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಬೆಳೆಗಾರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಚನ್ನರಾಯಪಟ್ಟಣದ ಅಕ್ಕನವರು ತಮ್ಮ ಕಡಸಿನ ವಿಷಯವನ್ನು ಬರೆಯದಿದ್ದರೆ ನಾನೂ ಅದೇ ತಪ್ಪನ್ನು ಮಾಡುತ್ತಿದ್ದೆನೇನೋ, ಏಕೆಂದರೆ ನಮ್ಮ ತೊಟ್ಟಿ ಇರುವುದು ಕೊಟ್ಟಿಗೆಯ ಬಾಗಿಲಲ್ಲೇ. ಉಳಿದ ಮೂರು ಚೀಲ ಹೊಟ್ಟಿನಲ್ಲಿ ಯಾವ ಮರದ್ದು ಬೆರೆತಿದೆಯೋ ತಿಳಿಯದು, ಅದನ್ನು ದನದ ಹಾಸಿಗೆಗೂ ಬಳಸದೆ ಹಿಂದಿರುಗಿಸಿದ್ದೇನೆ.

ಡಾಕ್ಟರ್ ಸಾಹೇಬರಲ್ಲಿ ಇನ್ನೆರಡು ಸಂದೇಹಗಳು. ಸೊಪ್ಪನ್ನೂ ಹುಲ್ಲನ್ನೂ ಒಟ್ಟಿಗೆ ಕತ್ತರಿಸಿ, ಎರಡಕ್ಕೂ ಸೇರಿಸಿ ಯೂರಿಯಾ ಹಾಕಿ ಮುಚ್ಚಿಟ್ಟರೆ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲವೇ? ಮೇ ತಿಂಗಳಲ್ಲಿ ರಾಶಿ ಬೀಳುವ ಸೊಪ್ಪನ್ನು ಜುಲೈ, ಆಗಸ್ಟಿನ ಜಡಿಮಳೆಯವರೆಗೆ ಇಡುವುದು ಹೇಗೆ? ಆಗ ಹಸಿ ಹುಲ್ಲು ಬೇಕಾದಷ್ಟಿದ್ದರೂ ಅದರಲ್ಲಿ ಬರಿಯ ನೀರೇ ಇರುತ್ತದೆ, ಹಸುಗಳು ತೆಳ್ಳಗೆ ಸಗಣಿ ಹಾಕುತ್ತವೆ.

ಉತ್ತರ 5: ನಿವೃತ್ತ ಪಶುವೈದ್ಯ, ಹಾಸನ

ಮೊದಲನೆಯ ಪ್ರಶ್ನೆಗೆ ಉತ್ತರ, ಬೇಡ. ಯೂರಿಯಾ ಉಪಚಾರ ಬಲಿತು ಒಣಗಿದ, ಸತ್ವ ಕಡಿಮೆ ಇರುವ ಹುಲ್ಲಿಗೆ ಮಾತ್ರ. ಹಸಿರು ಸೊಪ್ಪಿನಲ್ಲಿ ಪ್ರೋಟೀನ್ ಈಗಾಗಲೇ ಇದೆ, ಸಕ್ಕರೆಯೂ ಇದೆ. ಸಕ್ಕರೆಯ ಅಂಶವಿರುವ ಮೇವನ್ನು ಅಮೋನಿಯಾದಿಂದ ಉಪಚರಿಸಿದಾಗ ಕೆಲವೊಮ್ಮೆ ನರಗಳನ್ನು ಕೆರಳಿಸುವ ವಿಷವಸ್ತು ಹುಟ್ಟುತ್ತದೆ. ಅದನ್ನು ತಿಂದ ದನಗಳು ಹುಚ್ಚು ಹಿಡಿದಂತೆ ಓಡುತ್ತವೆ, ಗೋಡೆಗೆ ಹಾಯುತ್ತವೆ, ಹಾಲಿನ ಮೂಲಕ ಕರುವಿಗೂ ಅದು ಮುಟ್ಟುತ್ತದೆ. ಇದೇ ಕಾರಣಕ್ಕೆ ಯೂರಿಯಾ ಹಾಕುವ ಹುಲ್ಲಿಗೆ ಬೆಲ್ಲ ಅಥವಾ ಕಾಕಂಬಿಯನ್ನು ಮುಚ್ಚುವ ಮೊದಲೇ ಬೆರೆಸಬಾರದು.

ಸೊಪ್ಪನ್ನು ಇಡಬೇಕಾದರೆ ರಸಮೇವು, ಅಂದರೆ ಗಾಳಿಯಾಡದಂತೆ ಮುಚ್ಚಿ ಹುಳಿ ಹಿಡಿಸಿದ ಮೇವು, ಮಾಡಿ. ಅರ್ಧ ದಿನ ಬಾಡಿಸಿ, ಚಾಫ್ ಕಟರಿನಲ್ಲಿ ಒಂದಂಗುಲದಷ್ಟು ಕತ್ತರಿಸಿ, ಅಷ್ಟೇ ತೂಕದ ನೇಪಿಯರ್ ಅಥವಾ ಮುಸುಕಿನ ಜೋಳದ ಹಸಿ ಕಡ್ಡಿಯೊಂದಿಗೆ ಬೆರೆಸಿ. ಗ್ಲಿರಿಸಿಡಿಯಾ, ಹಾಲವಾಣ ಎರಡೂ ದ್ವಿದಳ ಜಾತಿಯ ಮರಗಳಾದುದರಿಂದ ಅವುಗಳ ಸೊಪ್ಪು ತಾನೇ ತಾನಾಗಿ ಹುಳಿ ಹಿಡಿಯುವುದು ಕಷ್ಟ. 100 ಕಿಲೋಗೆ 3ರಿಂದ 4 ಕಿಲೋ ಕಾಕಂಬಿ ಅಥವಾ ಕರಗಿಸಿದ ಬೆಲ್ಲ ಹಾಕಬೇಕು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಗಾಳಿ ಉಳಿಯದಂತೆ ತುಳಿದು ಮುಚ್ಚಿ, 45 ದಿನ ಬಿಡಿ. ಡ್ರಮ್ಮಿನಲ್ಲಿ ಮೊದಲು ಏನು ತುಂಬಿದ್ದರು ಎಂಬುದನ್ನು ವಿಚಾರಿಸದೆ ಕೊಳ್ಳಬೇಡಿ. ಒಳ್ಳೆಯ ರಸಮೇವಿಗೆ ಹಣ್ಣಿನ ಹುಳಿವಾಸನೆ ಇರುತ್ತದೆ. ಕೊಳೆತ ನಾತ ಬಂದರೆ, ಬಿಳಿ ಅಥವಾ ಕಪ್ಪು ಬೂಸ್ಟು ಕಂಡರೆ ಆ ಭಾಗವನ್ನು ಎಸೆಯಿರಿ. ಬೂಸ್ಟು ಹಿಡಿದ ಗ್ಲಿರಿಸಿಡಿಯಾ ಬಗ್ಗೆ ಅರಸೀಕೆರೆಯವರು ಹೇಳಿದ್ದು ಬಹಳ ಮುಖ್ಯ. ಆ ಎಲೆಯ ಪರಿಮಳಕ್ಕೆ ಕಾರಣವಾದ ಕೌಮರಿನ್, ಬೂಸ್ಟಿನ ಸಂಪರ್ಕದಿಂದ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಾಗಿ ಬದಲಾಗಬಲ್ಲದು.

ಪ್ರಮಾಣದ ಲೆಕ್ಕ ಹೀಗಿದೆ. ಸುಮಾರು 400 ಕಿಲೋ ತೂಗುವ ಹಾಲು ಕೊಡುವ ಹಸುವಿಗೆ ದಿನಕ್ಕೆ 10ರಿಂದ 12 ಕಿಲೋ ಒಣ ಅಂಶ (ನೀರನ್ನು ಬಿಟ್ಟು ಮೇವಿನ ತೂಕ) ಬೇಕು. 5 ಕಿಲೋ ಹಸಿ ಗ್ಲಿರಿಸಿಡಿಯಾ ಎಲೆಯಲ್ಲಿ ಒಣ ಅಂಶ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು, ಪ್ರೋಟೀನ್ ಸುಮಾರು 250 ಗ್ರಾಂ. ಅಷ್ಟು ಪ್ರೋಟೀನಿಗೆ ಕಡಲೆಕಾಯಿ ಹಿಂಡಿಯಾದರೆ ಅರ್ಧ ಕಿಲೋಗೂ ಹೆಚ್ಚು ಬೇಕು. ಉಳಿತಾಯ ಇರುವುದು ಅಲ್ಲಿ. ಆದರೆ ಹಿಂಡಿಯನ್ನು ಒಮ್ಮೆಲೇ ನಿಲ್ಲಿಸದೆ, ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಡೇರಿಯಲ್ಲಿ ಬರುವ ಫ್ಯಾಟ್ ಅಂಕಿಯನ್ನು ದಿನವೂ ಬರೆದಿಡಿ. ಖನಿಜ ಮಿಶ್ರಣವನ್ನು ನಿಲ್ಲಿಸಬೇಡಿ.

ಯಾರಾದರೂ ಸುಬಾಬುಲ್ ಮರದ ಸೊಪ್ಪು ಕೊಟ್ಟರೆ ಅದನ್ನು ಒಟ್ಟು ಮೇವಿನ ಕಾಲು ಭಾಗಕ್ಕೆ ಮೀರಿಸಬೇಡಿ. ಅದರಲ್ಲಿರುವ ಮಿಮೋಸಿನ್ ಅಂಶ ಹೆಚ್ಚಾದರೆ ಬಾಲದ ಕೂದಲು ಉದುರುತ್ತದೆ, ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತದೆ. ಸೊಪ್ಪು ತಿಂದ ಹಸು ಮಂಕಾದರೆ ಮನೆಮದ್ದಿಗೆ ಕಾಯದೆ 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾಲಯವನ್ನು ಕರೆಸಿಕೊಳ್ಳಿ.

ಆರು ವಾರಗಳ ನಂತರ: ಸಕಲೇಶಪುರ ತಾಲ್ಲೂಕಿನ ಬೆಳೆಗಾರ

ಕೇಳಿದವರಿಗೆಲ್ಲ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಮರಗಸಿ ಮುಗಿಸಿ, ಮೇವಿನ ಸೊಪ್ಪು ಹೊರಗೆ ಬಂದ ಮೇಲೆಯೇ ಬೋರ್ಡೋ ಹೊಡೆಸಿದೆವು. ಹಾಲವಾಣವನ್ನು ನಾಲ್ಕೂ ಹಸುಗಳು ಮೊದಲ ದಿನವೇ ತಿಂದವು. ಗ್ಲಿರಿಸಿಡಿಯಾವನ್ನು ಬೆಲ್ಲದ ನೀರಿನೊಂದಿಗೆ ಹನ್ನೆರಡು ದಿನ ಅಭ್ಯಾಸ ಮಾಡಿಸಬೇಕಾಯಿತು, ಒಂದು ಹಸು ಇನ್ನೂ ಅದನ್ನು ಮುಟ್ಟುವುದಿಲ್ಲ. ಹಿಂಡಿಯನ್ನು ಹಸುವೊಂದಕ್ಕೆ ದಿನಕ್ಕೆ 400 ಗ್ರಾಂ ಇಳಿಸಿದ್ದೇನೆ, ಹಾಲು ಇಳಿದಿಲ್ಲ. ಯೂರಿಯಾ ಹುಲ್ಲಿನ ಮೊದಲ ರಾಶಿಯಲ್ಲಿ ಹಾಳೆಯ ಒಂದು ಮೂಲೆ ಗಾಳಿಗೆ ಎದ್ದು, ಅಲ್ಲಿಯ ಹುಲ್ಲಿಗೆ ಬೂಸ್ಟು ಬಂತು. ಅದನ್ನು ಗೊಬ್ಬರದ ಗುಂಡಿಗೆ ಹಾಕಿದೆವು, ಉಳಿದದ್ದು ಚೆನ್ನಾಗಿದೆ. ರಸಮೇವಿನ ಮೂರು ಡ್ರಮ್ಮುಗಳನ್ನು ಇನ್ನೂ ತೆರೆದಿಲ್ಲ, ದಿನಾಂಕವನ್ನು ಮುಚ್ಚಳದ ಮೇಲೆ ಸುಣ್ಣದಲ್ಲಿ ಬರೆದಿಟ್ಟಿದ್ದೇವೆ. ಮಲೆನಾಡು ಗಿಡ್ಡ ಮಾತ್ರ ನಾವು ಬಾಡಿಸಿ, ಕತ್ತರಿಸಿ ಕೊಟ್ಟದ್ದನ್ನು ಪಕ್ಕಕ್ಕಿಟ್ಟು, ಅಡ್ಡ ಗಳುವಿಗೆ ಕಟ್ಟಿದ ಹಲಸಿನ ರೆಂಬೆಗೆ ಕತ್ತು ಚಾಚಿ ನಿಲ್ಲುತ್ತದೆ.